ಹಂಡೆಯ ಮೇಲಿನ ಕಲ್ಲು

ಕೂತುಕೋ ಪಾರವ್ವ. ಮೊದಲು ಕೂತುಕೋ, ಮಾತು ಆಮೇಲೆ. ಮಠದಿಂದ ಇಲ್ಲಿಯವರೆಗೆ ಬಿಸಿಲಿನಲ್ಲಿ ನಡೆದು ಬಂದಿದ್ದೀಯ. ಕಾಲು ಚಾಚು, ಗೋಡೆಗೆ ಒರಗು. ನನ್ನ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರಬೇಕಾಗಿಲ್ಲ. ನೀರು ಕುಡಿ. ಹಾಂ, ಈಗ ಹೇಳು, ಏನು ಕೇಳಬೇಕೆಂದು ಬಂದೆ?

ಪಾರವ್ವ ಕೇಳಿದಳು:

"ಅಜ್ಜಿ, ಮಠದ ದಾಸೋಹದ ಅಡಿಗೆಮನೆಯನ್ನು ನಲವತ್ತು ವರ್ಷ ನಡೆಸಿದವರು ನೀವು. ನಿಮ್ಮ ಕೈಕೆಳಗೆ ಕಲಿತವಳು ನಾನು. ಆ ಕೆಲಸ ನನ್ನ ಹೆಗಲಿಗೆ ಬಂದು ಎರಡು ವರ್ಷವಾಯಿತು. ದಿನಕ್ಕೆ ಆರುನೂರು ಎಲೆ. ಕೆಲಸಕ್ಕೆ ನಾನು ಅಂಜುವವಳಲ್ಲ. ಆದರೆ ಈ ಹೆಂಗಸರ ನರಳಾಟ ಕೇಳಿ ಕೇಳಿ ಕಿವಿ ಸೋತಿದೆ. ರೊಟ್ಟಿ ಬಡಿಯುವ ಬಾಳವ್ವ ಇದ್ದಾಳಲ್ಲ, ಅವಳದಂತೂ ಕೇಳಲೇಬೇಡಿ. ಒಂದು ರೊಟ್ಟಿಗೆ 'ಅಯ್ಯೋ ಶಿವನೇ', ಇನ್ನೊಂದಕ್ಕೆ 'ಸಾಕಪ್ಪಾ ಸಾಕು'. ದೇವರ ಅಡಿಗೆಮನೆಯಲ್ಲಿ ಇದೇನು ಅಪಶಕುನ ಎಂದು ಗದರಿಸಿದೆ. ನರಳುವುದಿದ್ದರೆ ಮನೆಗೆ ಹೋಗಿ ನರಳು ಎಂದೆ. ಅವತ್ತಿನಿಂದ ಒಂಬತ್ತು ದಿನವಾಯಿತು, ಅವಳ ಬಾಯಿಂದ ಒಂದು ಸದ್ದಿಲ್ಲ. ಬರುತ್ತಾಳೆ, ತಲೆ ತಗ್ಗಿಸಿ ಬಡಿಯುತ್ತಾಳೆ, ಹೋಗುತ್ತಾಳೆ. ಉಳಿದವರಿಗೂ ಈ ಬುದ್ಧಿ ಬರಬೇಕು. ದಣಿವನ್ನು ಹೊರಗೆ ತೋರಿಸದೆ ದುಡಿಯುವುದನ್ನು ಅವರಿಗೆ ಹೇಗೆ ಕಲಿಸಲಿ?"

ಅವಳು ಕೇಳಿದ್ದು ಹೆಮ್ಮೆಯಿಂದಲೇ. ಆದರೆ ಅವಳ ಕಣ್ಣಿನ ಕೆಳಗೂ ಕಪ್ಪಾಗಿತ್ತು. ನಾನು ಹೇಳಿದೆ:

ಮಗಳೇ, ನನಗೆ ಓದು ಬರಹ ಬರುವುದಿಲ್ಲ. ನನಗೆ ಗೊತ್ತಿರುವುದು ಒಲೆ. ಅದು ಬಿಟ್ಟರೆ ನಮ್ಮ ಮನೆಯವರು ಹೇಳಿದ ನಾಲ್ಕು ಕತೆ. ಅವರು ಇದ್ದ ಕಾಲದಲ್ಲಿ ಉಗಿಬಂಡಿಯ ಒಲೆಗೆ ಇದ್ದಲು ಹಾಕುತ್ತಿದ್ದರು. ಮನೆಗೆ ಬಂದವರು ಹೊಸ್ತಿಲ ಮೇಲೇ ಕೂತು ಒಂದು ಉದ್ದನೆಯ ಉಸಿರು ಬಿಡುತ್ತಿದ್ದರು. ಆ ಉಸಿರು ಮುಗಿಯುವ ತನಕ ನಾನು ಮಾತಾಡಿಸುತ್ತಿರಲಿಲ್ಲ. ಮುಗಿದ ಮೇಲೆ ಒಂದೊಂದು ದಿನ ಕತೆ ಹೇಳುತ್ತಿದ್ದರು. ಇದು ಅವರ ಬಾಯಿಂದ ಕೇಳಿದ್ದು. ನಡೆದದ್ದೋ ಕಟ್ಟಿದ್ದೋ ನಾನು ವಿಚಾರಿಸಲಿಲ್ಲ. ನೀನೂ ವಿಚಾರಿಸಬೇಡ.

ಕಡಲಿನ ಆಚೆ ಒಂದು ನಾಡು. ಆ ನಾಡಿನ ನೆಲದೊಳಗೆ ಕಲ್ಲಿದ್ದಲು. ಅಲ್ಲಿ ಒಬ್ಬ ಗಣಿಯ ಧಣಿ, ಒಬ್ಬ ಕಮ್ಮಾರ, ಒಬ್ಬ ಕುದುರೆಯವನು.

ಗಣಿಯಿಂದ ಹೊಳೆಯ ದಂಡೆಗೆ ಎರಡು ಹರದಾರಿ. ನಡುವೆ ಒಂದು ದಿಣ್ಣೆ. ಇದ್ದಲು ಹೊಳೆಗೆ ಹೋಗಬೇಕು, ಅಲ್ಲಿಂದ ದೋಣಿಯ ಪಾಲು. ಬಂಡಿಯ ಗಾಲಿ ಕೆಸರಿನಲ್ಲಿ ಹೂಳದಿರಲೆಂದು ದಾರಿಯುದ್ದಕ್ಕೂ ಎರಡು ಸಾಲು ಕಬ್ಬಿಣದ ಹಳಿ ಹಾಸಿದ್ದರು. ಎಳೆಯುವುದಕ್ಕೆ ಕುದುರೆ. ನಾಲ್ಕು ವರ್ಷ ಆ ದಿಣ್ಣೆ ಹತ್ತಿದ ಕುದುರೆ ಐದನೆಯ ವರ್ಷ ಮಲಗಿದಲ್ಲಿಂದ ಏಳುತ್ತಿರಲಿಲ್ಲ. ಅಷ್ಟರಲ್ಲಿ ಎಲ್ಲಿಯೋ ಯುದ್ಧ ಹತ್ತಿಕೊಂಡಿತು. ಗಟ್ಟಿ ಕುದುರೆಗಳೆಲ್ಲ ದಂಡಿನ ಪಾಲಾದವು. ಗಣಿಗೆ ಉಳಿದದ್ದು ಮುದಿಯವು, ಕುಂಟುವವು. ಇದ್ದಲು ಗಣಿಯ ಬಾಯಲ್ಲಿ ರಾಶಿ ಬಿತ್ತು. ಧಣಿ ತಲೆಯ ಮೇಲೆ ಕೈ ಹೊತ್ತು ಕೂತ.

ಕಮ್ಮಾರನದು ಗಣಿಯ ನೀರೆತ್ತುವ ಉಗಿಯಂತ್ರ ನೋಡಿಕೊಳ್ಳುವ ಕೆಲಸ. ಆ ಯಂತ್ರವೆಂದರೆ ಬೇರೇನೂ ಅಲ್ಲ. ಒಂದು ದೊಡ್ಡ ಹಂಡೆ, ಒಳಗೆ ನೀರು, ಕೆಳಗೆ ಬೆಂಕಿ. ನೀರು ಕುದಿದು ಉಗಿಯಾಗಿ ಒಂದು ಕಬ್ಬಿಣದ ದಂಡವನ್ನು ಹಿಂದೆ ಮುಂದೆ ತಳ್ಳುತ್ತದೆ. ದಂಡ ನೀರೆತ್ತುತ್ತದೆ. ಕಮ್ಮಾರ ಧಣಿಗೆ ಹೇಳಿದ: "ಧಣಿ, ನಿಂತಲ್ಲೇ ಇಷ್ಟು ದುಡಿಯುವುದು, ಗಾಲಿ ಕೊಟ್ಟರೆ ನಡೆಯಲಾರದೇ?"

ಧಣಿ ಹೇಳಿದ: "ನಡೆಸಿ ತೋರಿಸು."

ಕಮ್ಮಾರನಿಗೆ ಏಳು ವರ್ಷ ಹಿಡಿಯಿತು.

ಮೊದಲು ಮಾಡಿದ ಯಂತ್ರಕ್ಕೆ ಅವನು ಕಾಲು ಕೊಟ್ಟ. ನಗಬೇಡ, ನಿಜವಾಗಿ ಕಾಲು. ನುಣ್ಣನೆಯ ಗಾಲಿ ನುಣ್ಣನೆಯ ಹಳಿಯ ಮೇಲೆ ನಿಂತಲ್ಲೇ ಜಾರುತ್ತದೆ, ಮುಂದೆ ಹೋಗುವುದಿಲ್ಲವೆಂದು ಆಗ ತಿಳಿದವರೆಲ್ಲ ಹೇಳುತ್ತಿದ್ದರು. ಯಾರೂ ಮಾಡಿ ನೋಡಿರಲಿಲ್ಲ, ಹೇಳುತ್ತಿದ್ದರು ಅಷ್ಟೇ. ಕಮ್ಮಾರನೂ ನಂಬಿದ. ಹಿಂದಿನಿಂದ ನೆಲಕ್ಕೆ ಒದ್ದು ತಳ್ಳಲಿ ಎಂದು ಎರಡು ಕಬ್ಬಿಣದ ಕಾಲು ಕಟ್ಟಿದ. ಅದು ನಾಲ್ಕು ಮಾರು ನಡೆಯಿತು. ಆಮೇಲೆ ಒಂದು ಕಾಲು ಮುರಿಯಿತು. ಕುದುರೆಯವನು ದಾರಿಯಲ್ಲಿ ನಿಂತು ನೋಡಿ, "ಏನಣ್ಣಾ, ಕಾಲನ್ನೇನೋ ಕೊಟ್ಟೆ, ಅದಕ್ಕೆ ಚಪ್ಪಲಿ ಹೊಲಿಯುವವರು ಯಾರು?" ಎಂದ. ಗಣಿಗೆ ಗಣಿಯೇ ನಕ್ಕಿತು.

ಎರಡನೆಯದಕ್ಕೆ ಅವನು ಕಾಲು ಕೊಡಲಿಲ್ಲ. ಗಾಲಿ ಜಾರಲೂ ಇಲ್ಲ. ಯಂತ್ರದ ಭಾರವೇ ಗಾಲಿಯನ್ನು ಹಳಿಗೆ ಒತ್ತಿ ಹಿಡಿಯಿತು. ಆದರೆ ಅದೇ ಭಾರಕ್ಕೆ ಹಳಿ ತಾಳಲಿಲ್ಲ. ಹಪ್ಪಳ ಮುರಿದ ಹಾಗೆ ಮುರಿಯಿತು. ಯಂತ್ರ ಸರಿಯಿತ್ತು, ದಾರಿ ಸರಿಯಿರಲಿಲ್ಲ. ಕಮ್ಮಾರ ಹಳಿಗಳನ್ನೂ ಹೊಸದಾಗಿ ಬಡಿದ. ಆ ಕೆಲಸಕ್ಕೇ ಎರಡು ವರ್ಷ ಹೋಯಿತು. ಬಡಿದೂ ಬಡಿದೂ ಅವನ ಬಲಗೈ ಅನ್ನದ ತುತ್ತು ಎತ್ತುವಾಗಲೂ ನಡುಗುತ್ತಿತ್ತು.

ಮೂರನೆಯದು ನಡೆಯಿತು. ಎಂಟು ಬಂಡಿ ಎಳೆದುಕೊಂಡು ಹೊರಟಿತು. ಆದರೆ ಅದು ದಣಿಯುತ್ತಿತ್ತು.

ಕಬ್ಬಿಣ ದಣಿಯುವುದುಂಟೇ ಎಂದು ಕೇಳಬೇಡ. ಹಸಿ ಕಟ್ಟಿಗೆ ಒಡ್ಡಿದ ಒಲೆಯ ಮೇಲೆ ದೊಡ್ಡ ಹಂಡೆ ಇಟ್ಟು ನೀನೇ ಕಾದಿದ್ದೀಯ. ಅದರ ಕತೆಯೂ ಅದೇ. ಹಂಡೆ ದೊಡ್ಡದು, ಉರಿ ಸಣ್ಣದು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಉಗಿ ತೀರುತ್ತಿತ್ತು. ಮತ್ತೆ ಉಗಿ ಕೂಡುವ ತನಕ ನಿಲ್ಲಬೇಕು. ಹಿಂದೆ ಹೊರಟ ಕುದುರೆಯವನು ತನ್ನ ಮುದಿ ಹೆಣ್ಣುಕುದುರೆಯನ್ನು ಹಿಡಿದುಕೊಂಡು ಅದನ್ನು ದಾಟಿ ಹೋಗುತ್ತಿದ್ದ. ದಾಟುವಾಗ, "ನಮ್ಮವಳಿಗೆ ಎಪ್ಪತ್ತು ವಯಸ್ಸಾದ ಹಾಗೆ ಆಯಿತು, ನಿನ್ನ ಕೂಸಿಗಿಂತ ಈಕೆಯೇ ವಾಸಿ" ಎನ್ನುತ್ತಿದ್ದ. ಕಮ್ಮಾರ ಬಗ್ಗಿ ಒಲೆ ಕೆದಕುತ್ತಿದ್ದ.

ಅದರ ಜೊತೆಗೆ ಸದ್ದು. ದಂಡವನ್ನು ತಳ್ಳಿ ಮುಗಿಸಿದ ಉಗಿ ಎಲ್ಲಿಗಾದರೂ ಹೋಗಬೇಕಲ್ಲ? ಅದಕ್ಕೆ ಪಕ್ಕದಲ್ಲಿ ಒಂದು ಕೊಳವೆ ಇತ್ತು. ಒಂದೊಂದು ಸಲ ತಳ್ಳಿದಾಗಲೂ ಅದರಿಂದ ಉಗಿ 'ಹುಸ್ಸ್' ಎಂದು ಹೊರಗೆ ನುಗ್ಗುತ್ತಿತ್ತು. ಆ ಕೊಳವೆಯ ಬಾಯಿ ಸರಿಯಾಗಿ ಕುದುರೆಯ ಕಿವಿಯ ಎತ್ತರಕ್ಕೆ. ಒಂದು ದಿನ ಪಕ್ಕದಲ್ಲಿ ಹಾಯುತ್ತಿದ್ದ ಮುದಿ ಕುದುರೆ ಬೆಚ್ಚಿ ಓಡಿತು. ಬಂಡಿ ಮಗುಚಿತು. ಕುದುರೆಯವನ ಭುಜದ ಎಲುಬು ಜರುಗಿತು.

ಧಣಿ ಬಂದ. ಕಮ್ಮಾರನಿಗೆ ಹೇಳಿದ: "ಇನ್ನು ಎಂಟು ದಿನಕ್ಕೆ ನನ್ನ ನೆಂಟರು, ದೊಡ್ಡವರು, ಇದನ್ನು ನೋಡಲು ಬರುತ್ತಿದ್ದಾರೆ. ಅವರ ಮುಂದೆ ಇದು ಹೀಗೆ ಏದುಸಿರು ಬಿಟ್ಟರೆ ನನ್ನ ಮಾನ ಉಳಿಯುವುದಿಲ್ಲ. ಸದ್ದು ನಿಲ್ಲಿಸು. ಆಗದಿದ್ದರೆ ಹೇಳು, ಒಡೆದು ಹಾಕಿಸುತ್ತೇನೆ. ಹಂಡೆ ಗಣಿಯ ನೀರೆತ್ತಲು ಆಗುತ್ತದೆ. ನೀನು ನಿನ್ನ ದಾರಿ ನೋಡಿಕೋ."

ಏಳು ವರ್ಷ ಪಾರವ್ವ. ಒಬ್ಬ ಮನುಷ್ಯನ ಏಳು ವರ್ಷ ಎಂಟು ದಿನದ ಬಾಯಿಗೆ ಬಂದು ನಿಂತಿತು.

ಕಮ್ಮಾರ ಮೊದಲು ಕೊಳವೆಯ ಬಾಯಿಗೆ ಮರದ ಪೆಟ್ಟಿಗೆ ಕಟ್ಟಿ ಒಳಗೆ ಗೋಣಿ ತುಂಬಿದ. ಸದ್ದು ಸ್ವಲ್ಪ ಅಡಗಿತು. ಯಂತ್ರದ ಬಲವೂ ಅಡಗಿತು. ಆಮೇಲೆ ಕೊಳವೆಯ ಬಾಯನ್ನೇ ಕಿರಿದು ಮಾಡಿದ. ದುಡಿದು ಮುಗಿದ ಉಗಿಗೆ ಹೊರಗೆ ಹೋಗಲು ದಾರಿ ಸಾಲದೆ ಅದು ದಂಡವನ್ನೇ ಹಿಂದಕ್ಕೆ ಒತ್ತಿತು. ಎಂಟು ಬಂಡಿ ಎಳೆಯುತ್ತಿದ್ದದ್ದು ಎರಡಕ್ಕೆ ಇಳಿಯಿತು. ಇನ್ನಷ್ಟು ಉಗಿ ಕೂಡಿಸಬೇಕು ಎಂದರೆ ಇನ್ನೊಂದು ತೊಡಕು. ಹಂಡೆಯ ನೆತ್ತಿಯಲ್ಲಿ ಒಂದು ಸಣ್ಣ ಮುಚ್ಚಳವಿತ್ತು. ಒಳಗೆ ಉಗಿ ಮಿತಿ ಮೀರಿದಾಗ ಆ ಮುಚ್ಚಳ ತಾನೇ ಎದ್ದು, ಸಿಳ್ಳು ಹಾಕಿ, ಹೆಚ್ಚಾದದ್ದನ್ನು ಹೊರಗೆ ಬಿಡುತ್ತಿತ್ತು.

ಧಣಿ ಕೇಳಿದ: "ಆ ತಲೆಯ ಮೇಲಿನದು ಯಾಕೆ ಕಿರಿಚುತ್ತದೆ?"

"ಒಳಗೆ ಹೆಚ್ಚಾಯಿತು ಎಂದು ಹೇಳುತ್ತದೆ ಧಣಿ."

"ಹೇಳುವುದು ಬೇಡ. ಅದರ ಮೇಲೆ ಏನಾದರೂ ಇಡು."

ಕಮ್ಮಾರನಿಗೆ ತಿಳಿಯದೆ ಇತ್ತೇ? ತಿಳಿದಿತ್ತು. ಆದರೆ ದಣಿದವನಿಗೆ ತಿಳಿದದ್ದೂ ದೂರ ಕಾಣುತ್ತದೆ. ಅವನು ದಾರಿಯ ಬದಿಯಿಂದ ಒಂದು ಕಲ್ಲು ತಂದು, ಆ ಮುಚ್ಚಳದ ಹಿಡಿಗೆ ಸರಪಳಿಯಲ್ಲಿ ಕಟ್ಟಿ ತೂಗಬಿಟ್ಟ. ಮುಚ್ಚಳ ಮುಚ್ಚಿಕೊಂಡಿತು. ಯಂತ್ರ ಸುಮ್ಮನಾಯಿತು.

ಎಂಟನೆಯ ದಿನ ನೆಂಟರು ಬಂದರು. ದಿಣ್ಣೆಯ ಬುಡದಲ್ಲಿ ಯಂತ್ರ ಉಗಿ ಕೂಡಿಸುತ್ತ ನಿಂತಿತ್ತು. ಸದ್ದಿಲ್ಲ, ಸಿಳ್ಳಿಲ್ಲ. ನೆಂಟರು ಸುತ್ತ ನಿಂತು ಮುಟ್ಟಿ ಮುಟ್ಟಿ ನೋಡಿದರು. "ಎಷ್ಟು ಮರ್ಯಾದೆಯ ಯಂತ್ರ! ಇದು ಇಲ್ಲಿ ಇದೆ ಎಂದೇ ಗೊತ್ತಾಗುವುದಿಲ್ಲ" ಎಂದರು. ಧಣಿಯ ಮುಖ ಅರಳಿತು.

ಅಷ್ಟರಲ್ಲಿ ಕುದುರೆಯವನು ಖಾಲಿ ಬಂಡಿ ಎಳೆಸಿಕೊಂಡು ಬಂದ. ಭುಜಕ್ಕೆ ಬಟ್ಟೆ ಕಟ್ಟಿತ್ತು. ಯಂತ್ರದಿಂದ ಹತ್ತು ಮಾರು ದೂರದಲ್ಲಿ ನಿಂತ. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದ. ಆಮೇಲೆ ಕುದುರೆಯನ್ನು ಬಂಡಿಯಿಂದ ಬಿಚ್ಚಿ, ಹಿಂದಕ್ಕೆ ತಿರುಗಿಸತೊಡಗಿದ.

ಧಣಿ ಕೂಗಿದ: "ಏನೋ ಅದು? ಈಗ ಸದ್ದೇ ಇಲ್ಲವಲ್ಲ, ಇನ್ನೇನು ಭಯ ನಿನ್ನ ಮುದುಕಿಗೆ?"

"ಸದ್ದಿಲ್ಲ ಎಂದೇ ಭಯ ಧಣಿ. ಮೂವತ್ತು ವರ್ಷ ಈ ದಿಣ್ಣೆ ಹತ್ತಿಸಿದ್ದೇನೆ. ಕುದುರೆ ಏದುಸಿರು ಬಿಡುತ್ತಿದ್ದರೆ ನಾನು ಹೊಡೆಯುವುದಿಲ್ಲ, ನಿಲ್ಲಿಸುವುದೂ ಇಲ್ಲ. ಬಿಡಲಿ, ಹತ್ತುತ್ತದೆ. ನಡು ಏರಿನಲ್ಲಿ ಉಸಿರಿನ ಸದ್ದು ನಿಂತಿತು ಎನ್ನಿ, ಆ ಗಳಿಗೆಯೇ ಹಗ್ಗ ಬಿಚ್ಚುತ್ತೇನೆ. ಬಿಚ್ಚದೆ ಹೋದ ಒಂದು ಸಲ ಕುದುರೆ ನನ್ನ ಕಾಲ ಮೇಲೆ ಬಿದ್ದು ಸತ್ತಿತು. ನಿಮ್ಮ ಯಂತ್ರದ ಹಗ್ಗ ಯಾವುದೋ ನನಗೆ ತಿಳಿಯದು. ತಿಳಿದವರು ಬಿಚ್ಚಿರಿ."

ಕಮ್ಮಾರ ಹಂಡೆಯ ಮೈಗೆ ಕೈ ಹತ್ತಿರ ತಂದ. ಹಂಡೆಯ ಮೊಳೆಗಳು ಸಣ್ಣಗೆ ನಡುಗುತ್ತಿದ್ದವು, ಅವನ ಬಲಗೈ ನಡುಗಿದ ಹಾಗೆ. ಅವನು ಒಂದೇ ಏಟಿಗೆ ಮೇಲೆ ಹತ್ತಿ ಕಲ್ಲನ್ನು ಕಿತ್ತೆಸೆದ. ಮುಚ್ಚಳ ಹಾರಿತು. ಒಳಗೆ ಕೂಡಿದ್ದದ್ದೆಲ್ಲ ಒಂದೇ ಕೂಗಿನಲ್ಲಿ ಹೊರಗೆ ಬಂತು. ನೆಂಟರು ಬಿದ್ದಂಬೀಳ ಓಡಿದರು. ಒಬ್ಬರ ಟೋಪಿ ಕೆಸರಿನಲ್ಲಿ, ಇನ್ನೊಬ್ಬರು ತಾವೇ ಕೆಸರಿನಲ್ಲಿ. ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಧಣಿಯ ಮಾನ ಹೋಯಿತು. "ನಾಳೆ ಬೆಳಿಗ್ಗೆ ಸುತ್ತಿಗೆಯವರನ್ನು ಕಳಿಸುತ್ತೇನೆ" ಎಂದು ಹೇಳಿ ಹೋದ.

ಕಮ್ಮಾರ ಹಳಿಯ ಮೇಲೆ ಕೂತ. ಕುದುರೆಯವನು ಪಕ್ಕಕ್ಕೆ ಬಂದು ಕೂತ. ಆಮೇಲೆ ಕಮ್ಮಾರ ಹೇಳಿದ: "ಉಸಿರು ಬಿಟ್ಟರೆ ಧಣಿ ಒಡೆಯುತ್ತಾನೆ. ಬಿಡದಿದ್ದರೆ ತಾನೇ ಒಡೆದುಕೊಳ್ಳುತ್ತದೆ. ನನಗೂ ಸಾಕಾಯಿತಣ್ಣ."

ಕುದುರೆಯವನು ಹೇಳಿದ: "ಉಸಿರು ಬಿಡಲಿ. ಬೇಡವೆಂದವರು ಯಾರು? ನನ್ನ ಕುದುರೆಯ ಕಿವಿಯಲ್ಲಿ ಯಾಕೆ ಬಿಡಬೇಕು? ಹೊಗೆ ಮೇಲೆ ಹೋಗುತ್ತದಲ್ಲ, ಇದೂ ಅದರ ಜೊತೆ ಹೋಗಲಿ."

ಬೇರೆ ದಾರಿ ಇರಲಿಲ್ಲ. ಒಡೆಯುವವರು ಬರುವ ಮುಂಚೆ ಯಂತ್ರ ಒಂದು ಸಲವಾದರೂ ಎಂಟು ಬಂಡಿ ಇದ್ದಲನ್ನು ಹೊಳೆಗೆ ಮುಟ್ಟಿಸಲಿ, ಅಷ್ಟೇ ಕಮ್ಮಾರನ ಯೋಚನೆ. ದಾರಿಯಲ್ಲಿ ಮುದುಕಿ ಬೆಚ್ಚದಿರಲಿ ಎಂದು ಕೊಳವೆಯ ಬಾಯನ್ನು ಮೊದಲಿನಷ್ಟೇ ಅಗಲ ಮಾಡಿ, ಕೊಳವೆಯನ್ನು ಬಗ್ಗಿಸಿ, ಅದರ ಬಾಯನ್ನು ಯಂತ್ರದ ಹೊಗೆಕೊಳವೆಯ ಒಳಕ್ಕೆ ತಿರುಗಿಸಿ ಇಟ್ಟ. ಬೆಳಿಗ್ಗೆ ಬೆಂಕಿ ಹೊತ್ತಿಸಿ, ಎಂಟು ಬಂಡಿ ಕಟ್ಟಿ ಹೊರಟ. ಕುದುರೆಯವನು ಮುದುಕಿಯನ್ನು ಹಿಡಿದು ಮುಂದೆ ನಡೆದ.

ಈಗ ಒಲೆಯವಳಾಗಿ ಕೇಳು. ಯಂತ್ರ ಒಂದು ಸಲ ದಂಡ ತಳ್ಳಿತು. ದುಡಿದ ಉಗಿ ಹೊಗೆಕೊಳವೆಯಲ್ಲಿ ಮೇಲಕ್ಕೆ ನುಗ್ಗಿತು. ನುಗ್ಗುವಾಗ ಒಲೆಯ ಹೊಗೆಯನ್ನೂ ಎಳೆದುಕೊಂಡು ಹೋಯಿತು. ಹೊಗೆ ಖಾಲಿ ಮಾಡಿದ ಜಾಗಕ್ಕೆ ಒಲೆಯ ಬಾಯಿಂದ ಹೊಸ ಗಾಳಿ ನುಗ್ಗಿತು. ಬೆಂಕಿ ಭುಗ್ಗೆಂದಿತು. ನಾವು ಊದುಗೊಳವೆ ಹಿಡಿದು ಕಣ್ಣಲ್ಲಿ ನೀರು ಬರುವ ಹಾಗೆ ಊದುತ್ತೇವಲ್ಲ, ಆ ಕೆಲಸವನ್ನು ಯಂತ್ರದ ನಿಟ್ಟುಸಿರೇ ಮಾಡಿತು. ದಿಣ್ಣೆ ಹತ್ತುವಾಗ ಕಷ್ಟ ಹೆಚ್ಚಾಯಿತು, ಏದುಸಿರು ಹೆಚ್ಚಾಯಿತು. ಏದುಸಿರು ಹೆಚ್ಚಾದಷ್ಟೂ ಉರಿ ಹೆಚ್ಚಾಯಿತು. ಯಾರೂ ಯೋಚಿಸಿ ಮಾಡಿದ್ದಲ್ಲ. ಒಂದು ಮುದಿ ಕುದುರೆಯ ಕಿವಿಗಾಗಿ ಮಾಡಿದ್ದು.

ಅವತ್ತು ಯಂತ್ರ ಎಲ್ಲಿಯೂ ನಿಲ್ಲಲಿಲ್ಲ. ದಿಣ್ಣೆಯ ನೆತ್ತಿಯಲ್ಲಿ ಮುದುಕಿಯನ್ನು ದಾಟಿತು. ಮುದುಕಿ ಕಿವಿ ಅಲ್ಲಾಡಿಸಿತು, ಓಡಲಿಲ್ಲ. ಸುತ್ತಿಗೆಯವರು ಹುಡುಕಿಕೊಂಡು ಹೊಳೆಗೆ ಬರುವ ಹೊತ್ತಿಗೆ ಎಂಟು ಬಂಡಿ ಇದ್ದಲು ದೋಣಿಗೆ ಇಳಿದಿತ್ತು. ಹಿಂದೆಯೇ ಧಣಿ ಬಂದ. ಖಾಲಿ ಬಂಡಿ ನೋಡಿದ. ಸುತ್ತಿಗೆಯ ಮಾತು ಮತ್ತೆ ಎತ್ತಲಿಲ್ಲ.

ಇನ್ನು ಯಾರು ಏನಾದರು ಹೇಳುತ್ತೇನೆ, ಕೇಳಿಕೋ.

ಮುದಿ ಕುದುರೆ ಆ ವರ್ಷದಿಂದ ದಿಣ್ಣೆ ಹತ್ತಲಿಲ್ಲ. ಹುಲ್ಲಿನಲ್ಲಿ ನಿಂತು ಇನ್ನೂ ಆರು ವರ್ಷ ಬದುಕಿತು. ಆ ಗಣಿಯಲ್ಲಿ ಅಷ್ಟು ವರ್ಷ ಬದುಕಿದ ಕುದುರೆ ಅದೊಂದೇ.

ಕುದುರೆಯವನ ಕೆಲಸ ಹೋಯಿತು. ತಾನು ಹೇಳಿದ ಮಾತಿನಿಂದಲೇ ಹೋಯಿತು. ಅವನಿಗೆ ಕೈಯಲ್ಲಿ ಒಂದು ಬಾವುಟ ಕೊಟ್ಟು ಯಂತ್ರದ ಮುಂದೆ ನಡೆದು ದಾರಿ ಬಿಡಿಸುವ ಕೆಲಸ ಕೊಟ್ಟರು. ಯಂತ್ರ ಹಿಂದೆ ಬರುತ್ತಿತ್ತು, ಅವನು ತಿರುಗಿ ನೋಡುತ್ತಿರಲಿಲ್ಲ. ಕೇಳುತ್ತಿದ್ದ. ಕಮ್ಮಾರ ಕಿತ್ತೆಸೆದ ಕಲ್ಲನ್ನು ಅವನು ಮನೆಗೆ ಒಯ್ದು ಮೆಟ್ಟಿಲು ಮಾಡಿಕೊಂಡ. ಸಂಜೆ ಅದರ ಮೇಲೆ ಕೂತು ಉಸಿರು ಬಿಡುತ್ತಿದ್ದ.

ಕಮ್ಮಾರ ಇನ್ನೂ ನಾಲ್ಕು ಯಂತ್ರ ಮಾಡಿದ. ಒಂದಕ್ಕಿಂತ ಒಂದು ಚೆನ್ನಾದವು. ಆಮೇಲೆ ಬೇರೆ ಊರಿನವರು ಅವನಿಗಿಂತ ಚೆನ್ನಾಗಿ ಮಾಡಿದರು. ಹಂಡೆಯ ಮೊಳೆ ಬಡಿದೂ ಬಡಿದೂ ಅವನ ಎರಡು ಕಿವಿಯೂ ಹೋದವು. ಕಡೆಗಾಲದಲ್ಲಿ ಅವನು ಹಳಿಯ ಮೇಲೆ ಅಂಗೈ ಇಟ್ಟು ಕೂರುತ್ತಿದ್ದನಂತೆ. ಯಂತ್ರ ಉಸಿರಾಡುವುದು ಅಂಗೈಗೆ ತಿಳಿಯುತ್ತಿತ್ತು.

ಧಣಿ ತನ್ನ ಇನ್ನೊಂದು ಗಣಿಗೂ ಅಂಥದೇ ಯಂತ್ರ ತರಿಸಿದ. ಅದನ್ನು ನಡೆಸಲು ಒಬ್ಬ ಹೊಸಬನನ್ನು ಇಟ್ಟ. ಒಳ್ಳೆಯ ಮನುಷ್ಯ, ತಗ್ಗಿ ನಡೆಯುವವನು, ಎದುರು ಮಾತಾಡದವನು. ಧಣಿಗೆ ಸಿಳ್ಳು ಸೇರುವುದಿಲ್ಲ ಎಂದು ಯಾರೋ ಅವನಿಗೆ ಹೇಳಿದ್ದರು. ಅವನು ತಾನೇ ಒಂದು ಕಲ್ಲು ಹುಡುಕಿ ತಂದು ಕಟ್ಟಿದ. ಆ ಯಂತ್ರ ಬಹಳ ಮರ್ಯಾದೆಯಿಂದ ನಡೆಯಿತು. ಎಷ್ಟು ಮರ್ಯಾದೆ ಎಂದರೆ ಅದರ ಕಡೆಗೆ ಯಾರೂ ನೋಡಲೇ ಇಲ್ಲ. ಹತ್ತನೆಯ ದಿನ ಬೆಳಿಗ್ಗೆ, ನಿಂತಲ್ಲೇ, ಅದು ಒಡೆಯಿತು. ಹೊಸಬನ ಮನೆಗೆ ಒಯ್ಯಲು ಅವನ ಕೈಗವಸು ಮಾತ್ರ ಸಿಕ್ಕಿತು.

ಧಣಿ ಬಹಳ ಕಾಲ ಬದುಕಿದ. ಆದರೆ ಸದ್ದಿಲ್ಲದ ಮನೆಯಲ್ಲಿ ಅವನಿಗೆ ಕೂರಲು ಆಗುತ್ತಿರಲಿಲ್ಲ. ಆಳುಗಳು ಮೆಲ್ಲಗೆ ನಡೆದರೆ, "ಯಾರಾದರೂ ಏನಾದರೂ ಅನ್ನಿರಪ್ಪಾ" ಎಂದು ಕೂಗುತ್ತಿದ್ದನಂತೆ.

ಕತೆ ಮುಗಿಯಿತು. ಪಾರವ್ವ ಕಾಲು ಮಡಿಸಿಕೊಂಡು ಎದ್ದು ಕೂತಿದ್ದಳು. ನಾನು ಅವಳ ಮೊಣಕಾಲ ಮೇಲೆ ಕೈ ಇಟ್ಟು ಕೇಳಿದೆ:

"ಬಾಳವ್ವ ಸುಮ್ಮನಾಗಿ ಇವತ್ತಿಗೆ ಎಷ್ಟು ದಿನ ಅಂದೆ ಮಗಳೇ?"

ಪಾರವ್ವ "ಒಂಬತ್ತು" ಎಂದವಳೇ ಎದ್ದು, ಬಾಳವ್ವನನ್ನು ಹುಡುಕಿಕೊಂಡು ಹೊರಟಳು.